ಲೆಕ್ಕಕ್ಕಿಲ್ಲದ ಕರಿ ಗೋಲಿ

ಬೆಳಗಿನಿಂದ ಸುರಿದ ಮಳೆಗೆ ಹೊಳೆ ಸೇತುವೆಯ ಮಟ್ಟಕ್ಕೆ ಬಂದಿತ್ತು. ಊರವರಿಗೆಲ್ಲ ಹಾಕುವ ಮಧ್ಯಾಹ್ನದ ಊಟಕ್ಕೆಂದು ಪೋಸ್ಟಿಗೆ ಬಂದ ನಾವು ಏಳು ಜನ ಅಲ್ಲೇ ಸಿಕ್ಕಿಬಿದ್ದೆವು. ಪೋಸ್ಟ್ ಎಂದರೆ ಮಾಜಿ ಸೈನಿಕರ ಸಂಘದ ನಮ್ಮೂರ ಶಾಖೆ. ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಗಳು ಮುಚ್ಚಿಹೋದ ಮೇಲೂ ಬಾಗಿಲು ತೆರೆದಿದ್ದ ಕೆಲವೇ ಕಟ್ಟಡಗಳಲ್ಲಿ ಅದೂ ಒಂದು. ಆ ವರ್ಷ ಅದಕ್ಕೆ ಐವತ್ತು ತುಂಬುತ್ತಿತ್ತು. ಊರಿನ ಗ್ರಂಥಾಲಯ ನೋಡಿಕೊಳ್ಳುವ ನನಗೆ ಅದರ ಚರಿತ್ರೆ ಬರೆಯುವ ಕೆಲಸ ವಹಿಸಿದ್ದರು. ಹೇಗೂ ಕೂತಿದ್ದೇವಲ್ಲ ಎಂದು ಬರೆದಷ್ಟನ್ನು ಓದತೊಡಗಿದೆ.

"ದೇಶಕ್ಕಾಗಿ ಹೋರಾಡಿ ಬಂದ ಯಾವ ಯೋಧನನ್ನೂ ನಮ್ಮ ಪೋಸ್ಟ್ ಹೊರಗೆ ನಿಲ್ಲಿಸಿದ್ದಿಲ್ಲ..."

"ಸುಳ್ಳು!"

ಒಲೆಯ ಪಕ್ಕದಲ್ಲಿದ್ದ ಸ್ಟೀಫನ್ ಹುಡಾಕ್ ಅಜ್ಜ ಮೇಜು ಗುದ್ದಿದ ಹೊಡೆತಕ್ಕೆ ಬಿಯರ್ ಲೋಟ ಉರುಳಿತು. ಎಪ್ಪತ್ತೆಂಟರ ಮುದುಕ. ಪೋಸ್ಟ್ ಕಟ್ಟಿದವರಲ್ಲಿ ಉಳಿದಿದ್ದವನು ಅವನೊಬ್ಬನೇ.

"ಹರಿದು ಒಲೆಗೆ ಹಾಕು ಅದನ್ನ. ನಾನು ಹೇಳ್ತೀನಿ, ಬರ್ಕೋ. ಎಲ್ರೂ ಹತ್ರ ಬನ್ನಿ. ನನ್ನ ಗಂಟಲು ಮೊದಲಿನ ಹಾಗಿಲ್ಲ."

ಕುರ್ಚಿಗಳನ್ನು ಎಳೆದುಕೊಂಡು ಅವನ ಸುತ್ತ ಕೂತೆವು.

"ಅರವತ್ತೊಂಬತ್ತನೇ ಇಸವಿ... ಪಲ್ಕೊ ಮನೆ ಹುಡುಗ ಡ್ವೇನ್ ವಿಯೆಟ್ನಾಮಿಂದ ಒಂದು ಕಾಲು ಕಳ್ಕೊಂಡು ಬಂದ. ನನ್ನ ಮಗ ಆಂಡಿ ಬರಲಿಲ್ಲ. ಇಬ್ರೂ ಒಂದೇ ತುಕಡಿ, ಚಿಕ್ಕಂದಿನಿಂದ ಒಂದೇ ತಟ್ಟೇಲಿ ಉಂಡವರು. ಡ್ವೇನ್ ನೆಟ್ಟಗೆ ನಮ್ಮನೆಗೇ ಬಂದ. ಅಡುಗೆಮನೇಲಿ ಕೂತು, ನನ್ನ ಹೆಂಡತಿ ಕೊಟ್ಟ ಕಾಫೀನ ಮುಟ್ಟದೆ ಹೇಳ್ದ... 'ಮಾಮ, ಸರ್ಕಾರದ ಕಾಗದದಲ್ಲಿರೋದು ನಿಜ ಅಲ್ಲ. ಆಂಡೀನ ಕೊಂದಿದ್ದು ಶತ್ರು ಅಲ್ಲ. ನಮ್ಮದೇ ಫಿರಂಗಿ. ಗುರಿ ತಪ್ಪಿ ನಮ್ಮ ಮೇಲೇ ಬಿತ್ತು. ನಿಮಗೆ ಗೊತ್ತಿರ್ಬೇಕು ಅಂತ ಹೇಳಿದೆ.'

"ನಾನೇನು ಮಾಡ್ಬೇಕಿತ್ತು? ತಬ್ಬಿಕೊಂಡು ಅಳಬೇಕಿತ್ತು, ಅಲ್ವಾ? ನಾನು ಅವನ ಊರುಗೋಲನ್ನ ಅಂಗಳಕ್ಕೆ ಎಸೆದೆ. ನನ್ನ ಮಗ ವೀರ ಕಣೋ, ನಾಯಿ ಸತ್ತ ಹಾಗೆ ಸತ್ತ ಅಂತೀಯಾ ಅಂದೆ. ಮನಸ್ಸಿನೊಳಗೆ ಇದ್ದಿದ್ದೇ ಬೇರೆ. ನೀನ್ಯಾಕೋ ಬದುಕಿ ಬಂದೆ...

"ಆ ತಿಂಗಳೇ ಅವನು ಪೋಸ್ಟಿಗೆ ಸೇರ್ತೀನಿ ಅಂತ ಅರ್ಜಿ ಹಾಕ್ದ. ಆಗ ಗೋಲಿ ಹಾಕೋ ಪದ್ಧತಿ. ಒಬ್ಬೊಬ್ರೇ ಪರದೆ ಹಿಂದೆ ಹೋಗಿ ಪೆಟ್ಟಿಗೇಲಿ ಒಂದೊಂದು ಗೋಲಿ ಹಾಕ್ಬೇಕು. ಒಪ್ಪಿಗೆ ಅಂದ್ರೆ ಬಿಳಿ, ಬೇಡ ಅಂದ್ರೆ ಕರಿ. ಒಂದೇ ಒಂದು ಕರಿ ಬಿದ್ರೂ ಮುಗೀತು. ಯಾರು ಹಾಕಿದ್ರು ಅಂತ ಕೇಳೋ ಹಾಗಿಲ್ಲ. ಇಪ್ಪತ್ಮೂರು ಜನ ಇದ್ವಿ. ಇಪ್ಪತ್ತೆರಡು ಬಿಳಿ ಬಿತ್ತು... ಹೇಳ್ಬೇಕಾ ಇನ್ನೊಂದು ಯಾರದ್ದು ಅಂತ?

"ಡ್ವೇನ್ ಹೊರಗೆ ಮೆಟ್ಟಿಲ ಮೇಲೆ ಕಾಯ್ತಿದ್ದ. ಅಧ್ಯಕ್ಷ ವಾಲ್ಟರ್ ಕ್ರೂಪಾ ಹೋಗಿ ಹೇಳ್ದ. ಹುಡುಗ ಕೂಗಾಡ್ಲಿಲ್ಲ. 'ಹಾಕಿದವರು ನನ್ನ ಮುಖ ನೋಡಿ ಹೇಳ್ಲಿ. ಹೇಳೋವರೆಗೂ ನಾನು ಇಲ್ಲಿಂದ ಏಳಲ್ಲ' ಅಂದ. ಅವತ್ತಿಂದ ಪ್ರತಿ ಗುರುವಾರ, ನಮ್ಮ ಸಭೆ ಇದ್ದ ದಿನ, ಸಮವಸ್ತ್ರ ಹಾಕ್ಕೊಂಡು ಬಂದು ಅಲ್ಲೇ ಕೂರೋನು. ಹೊರಗೆ ಬಂದ ಒಬ್ಬೊಬ್ಬರನ್ನೂ 'ನೀವಾ?' ಅಂತ ಕೇಳೋನು. ಎಲ್ರೂ ನಾನಲ್ಲಪ್ಪ ಅನ್ನೋರು. ನಾನು ಬಂದಾಗ ಮಾತ್ರ ಆ ಪ್ರಶ್ನೆ ಕೇಳ್ತಿರ್ಲಿಲ್ಲ. 'ಮಾಮ, ಹುಷಾರು, ಮೆಟ್ಟಿಲು ಜಾರುತ್ತೆ' ಅನ್ನೋನು.

"ಕೇಳಿಸ್ತಾ? ಮೆಟ್ಟಿಲು ಜಾರುತ್ತೆ ಅನ್ನೋನು!

"ಜನವರಿ ಬಂತು. ಆ ಗುರುವಾರ ಹಿಮ ಹೇಗೆ ಬೀಳ್ತಿತ್ತು ಅಂದ್ರೆ, ಎದುರಿನ ಇಗರ್ಜಿ ಗೋಪುರ ಕಾಣ್ತಿರ್ಲಿಲ್ಲ. ನಾವು ಒಳಗೆ ಬೆಚ್ಚಗೆ ಕೂತು ಕುಡೀತಿದ್ವಿ. ಕಿಟಕಿಯಿಂದ ಅವನ ಬೆನ್ನು ಕಾಣ್ತಿತ್ತು. 'ಹಟಮಾರಿ, ಚಳಿ ಹತ್ತಿದ್ರೆ ತಾನೇ ಎದ್ದು ಹೋಗ್ತಾನೆ ಬಿಡು' ಅಂದ ವಾಲ್ಟರ್. ಎಲ್ರೂ ನಕ್ಕರು. ಬಾಗಿಲಿಗೂ ನನಗೂ ನಾಲ್ಕು ಹೆಜ್ಜೆ... ನಾಲ್ಕೇ ಹೆಜ್ಜೆ. ಎದ್ದು ಹೋಗಿ ಒಳಗೆ ಬಾರೋ ಅಂದಿದ್ರೆ ನನ್ನ ಗಂಟೇನು ಹೋಗ್ತಿತ್ತು? ಏಳಲಿಲ್ಲ. ಎರಡು ಗಂಟೆ ಬಿಟ್ಟು ಬಾಗಿಲು ತೆಗೆದಾಗ ಹುಡುಗ ಕಲ್ಲಾಗಿದ್ದ.

"ಆಮೇಲೆ ಮಾಡಿದ್ದೇನು ಗೊತ್ತಾ? ಬಾವುಟ ಹೊದಿಸಿ, ಸಾಲಾಗಿ ನಿಂತು ಬಂದೂಕು ಹಾರಿಸಿದ್ವಿ! ಬದುಕಿದ್ದಾಗ ಹೊಸ್ತಿಲು ದಾಟಿಸದ ಭಂಡರು, ಸತ್ತ ಮೇಲೆ ಮರ್ಯಾದೆ ಮಾಡಿದ್ವಿ. ಅವನ ತಾಯಿ ನನ್ನ ಕೈ ಹಿಡಿದು, ನೀನಾದ್ರೂ ನಮ್ಮವನು ಅಂದ್ಲು. ನಾನು ಅದನ್ನೂ ಕೇಳಿಸ್ಕೊಂಡು ನಿಂತಿದ್ದೆ. ಥೂ!

"ವಸಂತದಲ್ಲಿ ಲಾರಿ ಓಡಿಸೋ ಬೆನ್ನಿ ಸೇರೋಕೆ ಬಂದ. ಎಲ್ರಿಗೂ ಬೇಕಾದವನು. ಗೋಲಿ ಹಾಕಿದ್ವಿ. ಪೆಟ್ಟಿಗೆ ತೆಗೆದು ಎಣಿಸಿದ್ರೆ ಇಪ್ಪತ್ನಾಲ್ಕು! ಇಪ್ಪತ್ಮೂರು ಬಿಳಿ... ಒಂದು ಕರಿ. ವಾಲ್ಟರ್ ಅದನ್ನ ಕೈಗೆ ತಗೊಂಡು ಅಯ್ಯೋ ಅಂತ ಬಿಟ್ಟುಬಿಟ್ಟ. ಮಂಜುಗಡ್ಡೆ ಮುಟ್ಟಿದ ಹಾಗೆ ಬೆರಳು ಬೆಳ್ಳಗಾಗಿತ್ತು. ಕರಿ ಗೋಲಿ ಇದ್ದಷ್ಟನ್ನೂ ಹೊಳೆಗೆ ಸುರಿದು ಬಂದ್ವಿ. ಬರೀ ಬಿಳಿ ಇಟ್ಟು ಮತ್ತೆ ಹಾಕಿದ್ವಿ. ಮತ್ತೆ ಒಂದು ಕರಿ. ಪೆಟ್ಟಿಗೇನೇ ಸುಟ್ವಿ, ಕೈ ಎತ್ತಿಸಿ ಎಣಿಸೋಣ ಅಂದ್ವಿ. ಅವತ್ತು ಅರ್ಜಿ ಹಾಕಿದ್ದ ಇನ್ನೊಬ್ಬನ ಜೇಬಲ್ಲೇ ಸಿಕ್ತು ಕರಿ ಗೋಲಿ. ಹೆದರಿ ಓಡಿದವನು ಈ ಬೀದಿಗೆ ಮತ್ತೆ ಕಾಲಿಡಲಿಲ್ಲ. ಇಪ್ಪತ್ತಾರು ವರ್ಷ ಆಯ್ತು. ಒಬ್ಬ ಹೊಸಬನೂ ಈ ಪೋಸ್ಟಿಗೆ ಸೇರಿಲ್ಲ. ಇದ್ದವರು ಒಬ್ಬೊಬ್ಬರಾಗಿ ಮಣ್ಣು ಸೇರಿದ್ರು. ಬರ್ಕೊಂಡ್ಯಾ ಇದನ್ನ?"

ನಾನು ಪೆನ್ನು ಕೆಳಗಿಟ್ಟೆ. "ಅಜ್ಜ, ನೀವು ಸಭೇಲಿ ಒಪ್ಪಿಕೊಳ್ಳಲಿಲ್ವಾ?" ಎಂದೆ.

"ಒಪ್ಪಿಕೊಂಡೆ! ಹನ್ನೊಂದು ವರ್ಷ ಆದ್ಮೇಲೆ ಸೈನ್ಯದಿಂದ ಕಾಗದ ಬಂತು. ಆಂಡಿ ಸತ್ತಿದ್ದು ನಮ್ಮದೇ ಶೆಲ್ಲಿಗೆ, ವಿಷಾದಿಸ್ತೀವಿ ಅಂತ. ಒಂದೂವರೆ ಸಾಲು. ಅದನ್ನ ಹಿಡ್ಕೊಂಡು ಬಂದು ಎಲ್ಲರೆದುರಿಗೆ ಎದ್ದುನಿಂತು, ನಾನೇ ಹಾಕಿದ್ದು ಅಂದೆ. ವಾಲ್ಟರ್ ಏನಂದ ಗೊತ್ತಾ? 'ಕೂತ್ಕೋ ಸ್ಟೀಫನ್, ಹಳೇದನ್ನ ಕೆದಕಬೇಡ. ಕಾರ್ಯದರ್ಶಿ, ಇದನ್ನ ಪುಸ್ತಕದಲ್ಲಿ ಬರೀಬೇಡ.' ಅವರಿಗೆ ಹೇಳಿ ಏನು ಬಂತು? ಹುಡುಗ ಕೇಳಿದ್ದು ತನ್ನ ಮುಖ ನೋಡಿ ಹೇಳ್ಲಿ ಅಂತ.

"ಅದಕ್ಕೇ ಪ್ರತಿ ಗುರುವಾರ ಆ ಮೆಟ್ಟಿಲಿಗೆ ಹೋಗ್ತೀನಿ. ಮುದುಕನಿಗೆ ತಲೆ ಕೆಟ್ಟಿದೆ ಅಂತೀರಲ್ಲ, ನನಗೆ ಗೊತ್ತು. ಮೊದಮೊದಲು ಬರೀ ಅವನ ಊರುಗೋಲು ಕಲ್ಲಿಗೆ ತಾಗೋ ಸದ್ದು. ನನ್ನ ಹೆಂಡತಿ ತೀರಿಕೊಂಡ ವರ್ಷ ಸಮವಸ್ತ್ರದ ಗುಂಡಿಗಳು ಕಾಣೋಕೆ ಶುರುವಾದ್ವು. ನನ್ನ ಎದೆನೋವು ಜಾಸ್ತಿ ಆದಂಗೆಲ್ಲ ಅವನು ಇನ್ನಷ್ಟು ಕಾಣ್ತಾನೆ... ಕತ್ತು, ಗದ್ದ, ಹಿಮ ಹತ್ತಿದ ತುಟಿ. ಹೋದ ವಾರ ಮೂಗಿನವರೆಗೂ ಕಾಣಿಸ್ತು. ಕಣ್ಣೊಂದೇ ಬಾಕಿ."

ಅಜ್ಜ ಎದ್ದು, ನಾವು ತಡೆಯುವ ಮೊದಲೇ ಕೋಟಿನ ಗುಂಡಿ ಹಾಕಿಕೊಂಡು ಬಾಗಿಲ ಕಡೆ ನಡೆದ.

"ಇವತ್ತೂ ಗುರುವಾರಾನೇ."