ಹಲಗೆಯ ಮುಂದಿನ ಜಾಗ

ಸರ್ಫ್‌ಬೋರ್ಡ್ ಅಂಗಡಿಯಲ್ಲಿ ಸರದಿಗೆ ನಿಂತಿದ್ದ ಟೀಚರಮ್ಮನ ಮುಂದಿದ್ದ ಮುದಿ ಬಡಗಿ ತನ್ನ ಉದ್ದನೆಯ ಬೋರ್ಡನ್ನು ನೆಲಕ್ಕಿಳಿಸಿದ.

“ಇದನ್ನ ಇಟ್ಕೊಂಡು ಬೇರೆ ಕೊಡಮ್ಮ. ಸಣ್ಣ, ಸತ್ವ ಇಲ್ಲದ ಅಲೆಗೆ ಇದು ಜಪ್ಪಯ್ಯ ಅಂದ್ರೂ ಕದಲಲ್ಲ.”

“ಅಂಥ ಅಲೆಗೆ ಇದಕ್ಕಿಂತ ಒಳ್ಳೇದು ನನ್ನ ಹತ್ರಾನೇ ಇಲ್ಲ, ಯಜಮಾನ್ರೇ,” ಎಂದಳು ಅಂಗಡಿಯವಳು. “ಉದ್ದ, ಅಗಲ, ದಪ್ಪ, ಎಲ್ಲಾ ಇದೆ. ಅಲೆ ಹಿಡಿಯುವಾಗ ಇದರ ಮೇಲೆ ಎಲ್ಲಿ ಮಲಗ್ತೀರಿ?”

“ಮೊದಲಿಂದಲೂ ಹಿಂದೇನೇ.”

“ಅದಕ್ಕೇ ಮತ್ತೆ! ಭಾರ ಹಿಂದೆ ಬಿದ್ರೆ ಮೂತಿ ಮೇಲೇಳುತ್ತೆ. ಎರಡಡಿ ಮುಂದೆ ಸರೀರಿ, ತಾನಾಗೇ ಓಡುತ್ತೆ.”

“ಮುಂದೆ ನಮ್ಮನೆಯವಳು ಮಲಗ್ತಿದ್ಲು.”

“...ಬೇರೆ ತೋರಿಸ್ಲಾ?”

“ಬೇಡ ಬಿಡಮ್ಮ.”

ಬಡಗಿ ಬೋರ್ಡಿನ ಹಿಂತುದಿ ಎತ್ತಿ, ಮುಂದಿನ ತುದಿಯೂ ಏಳಲೆಂದು ಅಭ್ಯಾಸದಂತೆ ಕಾದ. ಟೀಚರಮ್ಮನ ಕೈ ಮುಂದಾಗುವಷ್ಟರಲ್ಲಿ ಅವನೇ ಬೋರ್ಡಿನ ನಡುವಿಗೆ ಬಂದು, ಒಬ್ಬನೇ ಹೊತ್ತು ನಡೆದ.