ಮ್ಯಾಕ್ರೋ ಹೊಡೆದ ಸಲಾಂ

ಅಲೆಕ್ಸಾಂಡ್ರಿಯಾದ ಟ್ರಾಮಿನಲ್ಲಿ ಹಿಂದಿನ ಸೀಟಿನ ಮಾತಿಗೆ ಕಿವಿಗೊಡಬಾರದೆಂದೇ ನವಾಲ್ ಕೂತಿದ್ದಳು. ಆದರೆ ಹತ್ತಿ ಕಂಪನಿಯ ಗುಮಾಸ್ತ ರಿಫ್ಕಿ ತನ್ನ ಮರ್ಯಾದೆಯನ್ನು ತಾನೇ ಹರಾಜಿಗಿಟ್ಟಿದ್ದ. ಪಕ್ಕದ ಗೆಳೆಯ ವಗ್ದಿ ಸವಾಲು ಏರಿಸುತ್ತಿದ್ದ.

“ಗೋದಾಮಿನ ಲೆಕ್ಕ ತಾನೇ ಮಾಡ್ಲಿ ಅಂತ ನೀನು ಮ್ಯಾಕ್ರೋ ಪ್ರೋಗ್ರಾಮ್ ಬರೆದ ಕಂಪ್ಯೂಟರ್ ಭಾಷೇನ ಸಾಫ್ಟ್‌ವೇರಿನೋರೇ ಕೈಬಿಡ್ತಾರಂತಲ್ಲ ಉಸ್ತಾದ್. ಕಂಪನಿ ಗತಿ ಏನು?”

“ನಾನೂ ಹಾಗೇ ಅಂದ್ಕೊಂಡು ನಿದ್ದೆಗೆಟ್ಟೆ ಕಣೋ. ನಾನು ರಜೆ ಹಾಕಿದ್ರೆ ಗೋದಾಮೇ ನಿಂತ್ಹೋಗುತ್ತೆ ಅಂತಿದ್ದೋನು.”

“ನನ್ನ ಮಗಳ ಮದುವೆಗೂ ನೀನು ಬರದೆ ಅದೇ ನೆಪ ಹೇಳಿದ್ದೆ.”

“ಹೋದ ವಾರ ಆಫೀಸಿನ ಹೊಸ ಹುಡುಗಿ ಆ ಮ್ಯಾಕ್ರೋನ ಆಫ್ ಮಾಡಿ ನೋಡಿದ್ಲು.”

“ಏನು ನಿಂತ್ಹೋಯ್ತು?”

“ಏನೂ ಇಲ್ಲ. ಲೆಕ್ಕ ಎಲ್ಲ ಯಾವತ್ತೋ ಬೇರೆ ಸಾಫ್ಟ್‌ವೇರಿಗೆ ಹೋಗಿತ್ತಂತೆ. ನನಗೊಬ್ಬನಿಗೇ ಗೊತ್ತಿರ್ಲಿಲ್ಲ.”

“ಮತ್ತೆ ನಿನ್ನ ಮ್ಯಾಕ್ರೋ ಇಷ್ಟು ವರ್ಷ ಏನ್ಮಾಡ್ತಿತ್ತು?”

“ಬೆಳಿಗ್ಗೆ ಸಾಹೇಬ್ರು ಫೈಲ್ ತೆಗೆದ್ರೆ, ‘ತಾವು ಬಂದಿರಿ, ಕಚೇರಿ ಬೆಳಗಿತು’ ಅಂತಿತ್ತು. ಆ ಸಾಲು ಹಿಂದಿನ ಸಾಹೇಬ್ರನ್ನ ಒಲಿಸ್ಕೊಳ್ಳೋಕೆ ಸೇರಿಸಿದ್ದೆ.”

“ಹಾಗಾದ್ರೆ ಮನೆಗೆ ಕಳಿಸ್ತಾರೆ, ಬಿಡು.”

“ಎಲ್ಲಿ ಕಳಿಸ್ತಾರೆ? ನಿನ್ನೆ ಈಗಿನ ಸಾಹೇಬ್ರು ಮುಖ ಊದಿಸ್ಕೊಂಡು ಕೇಳಿದ್ರು, ವಾರದಿಂದ ನನಗ್ಯಾಕೆ ಸಲಾಂ ಇಲ್ಲ ಅಂತ.”

ಟ್ರಾಮು ನಿಂತಿತು. ಇಬ್ಬರೂ ಎದ್ದರು.

“ಇನ್ಮೇಲೆ ಲೆಕ್ಕ ಹುಡುಗಿ ನೋಡ್ಕೊಳ್ತಾಳಂತೆ,” ಎನ್ನುತ್ತ ರಿಫ್ಕಿ ಮೆಟ್ಟಿಲಿಳಿದ. “ಹೊಸ ಭಾಷೇಲಿ ಸಲಾಂ ಹೊಡೆಯೋದು ಮಾತ್ರ ನಾನೇ ಬರೀಬೇಕಂತೆ. ಅದರಲ್ಲಿ ನನ್ನಷ್ಟು ಅನುಭವ ಇನ್ಯಾರಿಗೂ ಇಲ್ವಂತೆ.”