ಸಾಹಿತಿಗಳ ಮೆಚ್ಚಿನ ಪಾನೀಯ

ದೀಪ ಸ್ವಲ್ಪ ಸಣ್ಣ ಮಾಡಿ... ಹೂಂ, ಸಾಕು. ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು. ಕಟ್ಟುಕತೆ ಅನ್ನೋರು ಈಗಲೇ ಎದ್ದು ಹೋಗಬಹುದು.

ವರ್ಷದ ಕೊನೇ ವಾರ. ಅಕ್ಕ ಬಾರಿನ ಕೆಲಸ ಮುಗಿಸಿ, ಹಾಳುಬಾವಿ ಪಕ್ಕದ ದಾರೀಲಿ ಒಬ್ಬಳೇ ಮನೆಗೆ ಬರ್ತಿದ್ದಳು. ಕಣ್ತುಂಬ ನೀರು. ಯಾಕೆ ಅಂತ ಹೇಳ್ತೀನಿ.

ಅವಳ ಕೆಲಸ ಮದ್ಯ ಬೆರೆಸಿ ಕೊಡೋದು. ಅಲ್ಲಿಗೆ ಒಬ್ಬರು ದೊಡ್ಡ ಸಾಹಿತಿ ಬರ್ತಿದ್ದರು. ಹೆಸರು ಹೇಳಿದರೆ ನಿಮಗೂ ಗೊತ್ತಾಗುತ್ತೆ, ಅದಕ್ಕೇ ಹೇಳಲ್ಲ. ಅವರು ಕುಡೀತಿದ್ದದ್ದು ಒಂದೇ... ಜಿನ್ನು, ಸುಟ್ಟ ಕಿತ್ತಳೆ ಸಿಪ್ಪೆ, ಜೇನು, ಕುಟ್ಟಿದ ಮೆಣಸು. ಹದ ಅವರೇ ಅಕ್ಕನಿಗೆ ಕಲಿಸಿದ್ದು.

"ಇದು ನನ್ನ ಹೆಂಡತಿ ಕೈರುಚಿ, ಮಗಳೇ. ಅವಳಂತೂ ಇಲ್ಲ. ನಾನೂ ಹೋದಮೇಲೆ ಯಾರಿಗೂ ಮಾಡಿಕೊಡಬೇಡ."

ಅಕ್ಕ ಮಾತು ಕೊಟ್ಟಿದ್ದಳು.

ಅವರು ತೀರಿಕೊಂಡ ದಿನ ಅಳು ತಡೀಲಾರದೆ ಗಂಡನ ಹತ್ತಿರ ಎಲ್ಲಾ ಹೇಳಿಕೊಂಡಳು. ಹದಾನೂ ಸೇರಿಸಿ. ಭಾವನೂ ಅದೇ ಬಾರಲ್ಲಿ ಕೆಲಸಕ್ಕಿದ್ದ. ಅವನಿಗೆ ಮರ್ಯಾದೆ ಕೊಟ್ಟು ಮಾತಾಡೋಕೆ ನಂಗೆ ನಾಲಿಗೆ ಹೊರಳಲ್ಲ, ಬಿಡಿ.

ಬಾವಿ ದಾರೀಲಿ ಅಳ್ತಾ ಬಂದಳಲ್ಲ, ಆವತ್ತು ಸಂಜೆ ಕೆಲಸಕ್ಕೆ ಹೋದರೆ ಬಾಗಿಲಲ್ಲೇ ಬೋರ್ಡು. ಸಾಹಿತಿಗಳ ಫೋಟೋ, ಕೆಳಗೆ "ರಜೆಯ ವಿಶೇಷ: ಸಾಹಿತಿಗಳ ಮೆಚ್ಚಿನ ಪಾನೀಯ". ಒಳಗೆ ಭಾವ ಗ್ಲಾಸಿನ ಮೇಲೆ ಗ್ಲಾಸು ತುಂಬಿಸ್ತಿದ್ದ. ಮೈಮೇಲೆ ಹೊಸ ಮ್ಯಾನೇಜರ್ ಕೋಟು, ಹದ ಕೊಟ್ಟಿದ್ದಕ್ಕೆ ಸಿಕ್ಕಿದ್ದು.

"ನಿಮಗೆ ಹೇಗೆ ಮನಸ್ಸು ಬಂತು?"

"ಸತ್ತೋರೇನು ಬಂದು ಕೇಳ್ತಾರಾ," ಅಂದನಂತೆ, ತಲೆ ಕೂಡ ಎತ್ತದೆ.

ಅಕ್ಕ ಹಲ್ಲು ಕಚ್ಚಿ ಪಾಳಿ ಮುಗಿಸಿ ಹೊರಟಳು. ಬಾವಿ ದಾಟಿದಳು. ಹಿಂದಿನಿಂದ ಸದ್ದು.

ಟಕ್... ಟಕ್...

ಊರುಗೋಲಿನ ತುದಿ ಕಲ್ಲಿಗೆ ತಾಗೋ ಸದ್ದು. ಆಮೇಲೆ ಗೊರಗೊರ ಅಂತ ಎದೆಯೊಳಗಿನ ಕೆಮ್ಮು. ಆ ಕೆಮ್ಮು ಅವಳಿಗೆ ಗೊತ್ತು.

"ಮಗಳೇ... ಯಾರಿಗೆ ಹೇಳಿದೆ?"

ಅಕ್ಕ ತಿರುಗಲಿಲ್ಲ.

"ಒಬ್ಬರಿಗೇ... ನಮ್ಮನೆಯವರಿಗೆ."

ಮತ್ತೆ ಅದೇ ಕೆಮ್ಮು.

"ನೀನು ಅವನನ್ನ ನಂಬಿದೆ... ನಾನು ನಿನ್ನನ್ನ ನಂಬಿದ್ದೆ."

ಟಕ್... ಟಕ್... ಸದ್ದು ಬಾರಿನ ಕಡೆ ಹೋಯ್ತು.

ಭಾವ ರಾತ್ರಿ ಮನೆಗೆ ಬರಲಿಲ್ಲ. ಬೆಳಿಗ್ಗೆ ಬಾರಿನವರು ಬಾಗಿಲು ತೆಗೆದರೆ, ಕೌಂಟರಿನ ಹಿಂದೆ ನಿಂತು ಇನ್ನೂ ಬೆರೆಸ್ತಾನೇ ಇದ್ದ. ಸಿಪ್ಪೆ ಸುಟ್ಟು ಸುಟ್ಟು ಬೆರಳೆಲ್ಲ ಬೊಬ್ಬೆ. "ಹದ ಬಂದಿಲ್ಲ ಅಂತಾರೆ... ಇನ್ನೊಂದು ಮಾಡು ಅಂತಾರೆ..." ಬಾಯಲ್ಲಿ ಅಷ್ಟೇ.

ಅಕ್ಕ ಅವನ ಬೆರಳಿಗೆ ಮುಲಾಮು ಹಚ್ಚಿದಳು. ಸಂಜೆ ಬಟ್ಟೆ ಗಂಟು ಕಟ್ಟಿ ತವರಿಗೆ ಬಂದಳು, ಮತ್ತೆ ಹೋಗಲಿಲ್ಲ. ಗಂಡನ ಸುದ್ದಿ ಎತ್ತಿದರೆ ಮಾತು ಬೇರೆ ಕಡೆ ತಿರುಗಿಸ್ತಾಳೆ. ಸಾಹಿತಿಗಳ ಸುದ್ದಿ ಎತ್ತಿದರೆ ಎದ್ದು ಒಳಗೆ ಹೋಗ್ತಾಳೆ.

ಭಾವ ಹಾಗೆ ಸಿಕ್ಕಿದ ದಿನ ಅಕ್ಕನ ಜೊತೆ ನಾನೂ ಬಾರಿಗೆ ಹೋಗಿದ್ದೆ. ಸಾಹಿತಿಗಳು ಯಾವಾಗಲೂ ಕೂರ್ತಿದ್ದ ಮೂಲೆ ಮೇಜಿನ ತುಂಬಾ ಗ್ಲಾಸುಗಳು... ಎಲ್ಲಾ ಕುಡಿದು ಖಾಲಿ. ಹೊತ್ತು ಮಧ್ಯಾಹ್ನ ಆಗಿತ್ತು. ಒಂದರಲ್ಲೂ ಐಸು ಕರಗಿರಲಿಲ್ಲ. ಈ ಬೆರಳಿಂದಲೇ ಮುಟ್ಟಿ ನೋಡಿದೀನಿ. ಸುಳ್ಳು ಹೇಳಿ ನಂಗೇನಾಗಬೇಕು.